ಡಾಕ್ಟರ ಕೋಣೆಯೊಳಗೆ ಒಬ್ಬೊಬ್ಬರನ್ನೇ ಬಿಡಿ ಅಂತ ಕೇಳಬಹುದಾ?

ನೀರ್ಚಾಲಿನ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಇದನ್ನು ಇಲ್ಲಿ ಬರೆಯಲಾ ಬೇಡವಾ ಅಂತ ಎರಡು ವಾರ ಯೋಚಿಸಿದೆ. ಅಮ್ಮನ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ.

ಅಮ್ಮನಿಗೆ 64 ವರ್ಷ. ಮುಟ್ಟು ನಿಂತು ಹದಿಮೂರು ವರ್ಷ ಆಯಿತು. ಈಗ ಎರಡು ತಿಂಗಳಿಂದ ಆಗಾಗ ರಕ್ತ ಕಾಣಿಸುತ್ತಿತ್ತಂತೆ. ನನಗೂ ಹೇಳಿರಲಿಲ್ಲ. ಒಗೆಯಲು ಹಾಕಿದ ಬಟ್ಟೆ ನೋಡಿ ನಾನೇ ಕೇಳಿದ ಮೇಲೆ ಬಾಯಿ ಬಿಟ್ಟಳು. ಮರುದಿನವೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವುದು ಅಂತ ಬೇಡ.

ಚೀಟು ಮಾಡಿಸಿ ಒಂದೂವರೆ ಗಂಟೆ ಕಾದೆವು. ಒಳಗೆ ಹೋದರೆ ಡಾಕ್ಟರ ಮೇಜಿನ ಪಕ್ಕ ಒಂದು ಸ್ಟೂಲು. ಆ ಸ್ಟೂಲಿಗೆ ತಾಗಿಕೊಂಡೇ ಚೀಟು ಹಿಡಿದು ನಿಂತ ನಾಲ್ಕು ಜನ. ಅವರಲ್ಲಿ ಒಬ್ಬರು ನಾವು ಅಡಿಕೆ ಕೊಡುವ ಸೊಸೈಟಿಯವರು, ದಿನಾ ಮುಖ ನೋಡುವವರು. ಪರೀಕ್ಷೆ ಮಾಡುವ ಮಂಚ ಗೋಡೆ ಬದಿಗಿತ್ತು. ಅದರ ಸುತ್ತ ಪರದೆಯ ಕಂಬಿ ಇದೆ. ಕಂಬಿಯಲ್ಲಿ ಬಳೆಗಳೂ ಇವೆ. ಬಟ್ಟೆ ಮಾತ್ರ ಇಲ್ಲ.

"ಎಂದಾಣ್ ಅಸುಖಂ?" ಅಂತ ಡಾಕ್ಟರು ಮಲಯಾಳದಲ್ಲಿ ಕೇಳಿದರು, ಏನು ಕಾಯಿಲೆ ಅಂತ. ಅಮ್ಮ ಒಮ್ಮೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಕಾಲು ತೋರಿಸಿ "ನೋವು" ಅಂದಳು. ಡಾಕ್ಟರು "ಮುಟ್ಟುವೇದನಯಾಣೋ?" ಅಂದರು. ಮಲಯಾಳದಲ್ಲಿ ಮುಟ್ಟು ಅಂದರೆ ಮೊಣಕಾಲು. ಅವರು ಕೇಳಿದ್ದು ಮೊಣಕಾಲು ನೋವಾ ಅಂತ. ಅಮ್ಮನಿಗೂ ಅಷ್ಟು ಮಲಯಾಳ ಗೊತ್ತು. ಆದರೆ ಮನಸ್ಸಿನಲ್ಲಿ ಅದೇ ತುಂಬಿಕೊಂಡಿತ್ತಲ್ಲ, ಆ ಹೊತ್ತಿಗೆ ಅವಳ ಕಿವಿಗೆ ಬಿದ್ದದ್ದು ಕನ್ನಡದ ಮುಟ್ಟು. ಸೊಸೈಟಿಯವರ ಎದುರು! ಬೆವರಿಬಿಟ್ಟಳು. ಸೆರಗು ಎಳೆದುಕೊಂಡು ಎದ್ದಳು. ನಾನು ಏನಾದರೂ ಹೇಳುವ ಮೊದಲೇ "ಸಾಕು, ಹೋಗುವ" ಅಂತ ನನ್ನ ಕೈ ಹಿಡಿದಳು.

ಐದು ದಿನದ ನೋವಿನ ಗುಳಿಗೆ, ಒಂದು ಟ್ಯೂಬ್ ಮುಲಾಮು ಹಿಡಿದುಕೊಂಡು ಮನೆಗೆ ಬಂದೆವು. ಯಾವ ಕಷ್ಟಕ್ಕೆ ಹೋಗಿದ್ದೆವೋ ಅದರ ಒಂದು ಅಕ್ಷರವೂ ಚೀಟಿನಲ್ಲಿ ಇಲ್ಲ.

ಆ ಡಾಕ್ಟರು ಒಳ್ಳೆಯವರೇ. ಮೆತ್ತಗೆ ಮಾತಾಡಿದರು. ನನ್ನ ಸಿಟ್ಟು ಅವರ ಮೇಲಲ್ಲ. ಕೋಣೆ ಹಾಗಿದ್ದರೆ ಎಷ್ಟು ಒಳ್ಳೆ ಡಾಕ್ಟರಾದರೂ ಏನು ಮಾಡಲು ಸಾಧ್ಯ? ಒಳಗೆ ಒಬ್ಬರನ್ನೇ ಬಿಡಿ, ಪರದೆ ಹಾಕಿ ಅಂತ ಕೇಳಲು ನಮಗೆ ಹಕ್ಕಿದೆಯಾ? ಯಾರ ಹತ್ತಿರ ಕೇಳಬೇಕು?

ಉಪ್ಪಳದ ನರ್ಸ್:
ಮೊದಲು ಅಮ್ಮನ ವಿಷಯ. ಮುಟ್ಟು ಪೂರ್ತಿ ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು ತಂಗಿ. ಹೆಚ್ಚಿನವರಿಗೆ ಅದು ಸಣ್ಣ ಕಾರಣದಿಂದಲೇ ಆಗಿರುತ್ತದೆ. ಒಳಗಿನ ಪದರ ತೆಳ್ಳಗಾಗಿರುತ್ತದೆ, ಇಲ್ಲ ಪಾಲಿಪ್ ಇರುತ್ತದೆ, ಅಂದರೆ ಒಳಗೆ ಬೆಳೆದ ಸಣ್ಣ ಗಂಟು. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ತೋರುವ ಗುರುತೂ ಇದೇ. ಸ್ಕ್ಯಾನ್ ಮಾಡಿ ಒಳಪದರ ಎಷ್ಟು ದಪ್ಪ ಇದೆ ಅಂತ ನೋಡುತ್ತಾರೆ. ಬೇಕಾದರೆ ಸ್ವಲ್ಪ ಭಾಗ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಈ ವಾರವೇ ಹೋಗಿ. ಒಂದು ಕಾಗದದಲ್ಲಿ "ಮುಟ್ಟು ನಿಂತು 13 ವರ್ಷ, ಈಗ ರಕ್ತ ಹೋಗುತ್ತಿದೆ" ಅಂತ ಬರೆದು, ಮಡಚಿ, ಚೀಟಿನ ಜೊತೆ ಕೊಡಿ. ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ. ನಮ್ಮಲ್ಲಿ ಹಾಗೆ ಕೊಟ್ಟವರನ್ನು ನಾವೇ ಬೇರೆ ಕರೆದುಕೊಂಡು ಹೋಗುತ್ತೇವೆ.

ಇನ್ನು ನಿಮ್ಮ ಪ್ರಶ್ನೆ. ಹಕ್ಕು ಖಂಡಿತ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟದ ಮಾನದಂಡ ಅಂತ ಇದೆ. ಎನ್‌ಕ್ಯೂಎಎಸ್ ಅನ್ನುತ್ತೇವೆ. ಅದರ ತಪಾಸಣೆ ಪಟ್ಟಿಯಲ್ಲೇ ಇದು ಬರುತ್ತದೆ: ಪರೀಕ್ಷೆ ಮಾಡುವ ಜಾಗದಲ್ಲಿ ಪರದೆ ಇದೆಯಾ, ಒಂದು ಸಲಕ್ಕೆ ಒಬ್ಬ ರೋಗಿಯನ್ನೇ ನೋಡುತ್ತಾರಾ. ತಪಾಸಣೆಯವರು ಬರುವ ದಿನ ಪರದೆ ಹೊಳೆಯುತ್ತಿರುತ್ತದೆ. ಆಮೇಲೆ ಒಗೆಯಲು ಹೋದದ್ದು ವಾಪಸು ಬರುವುದಿಲ್ಲ. ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ. ಎರಡು ಜೊತೆ ಪರದೆ ಇಲ್ಲದಿದ್ದರೆ ಹೀಗೇ ಆಗುವುದು.

ಕುಂಬಳೆ ಪೇಟೆ:
ಓದಿ ಹೊಟ್ಟೆ ಚುರುಕ್ ಅಂತು. ನನ್ನ ಅತ್ತೆಯದ್ದೂ ಇದೇ ಕಥೆ, ಎದೆಯಲ್ಲಿ ಗಂಟು. ಮೂರು ಸಲ ಆಸ್ಪತ್ರೆಗೆ ಹೋಗಿ ಮೂರು ಸಲವೂ "ಶೀತ" ಅಂತ ಹೇಳಿ ಬಂದಿದ್ದರು. ನಾಲ್ಕನೇ ಸಲ ಮನೆಗೆ ಬಂದ ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿದರು, ಅದೂ ಅಡುಗೆ ಕೋಣೆಯ ಬಾಗಿಲು ಹಾಕಿಕೊಂಡು.

ಓಪಿಯಲ್ಲಿ ಕೂರುವವನು:
ನಾನು ಇದೇ ಜಿಲ್ಲೆಯಲ್ಲಿ ಡಾಕ್ಟರ್. ನಮ್ಮ ಕಡೆಯಿಂದಲೂ ಹೇಳುತ್ತೇನೆ. ಯಾರನ್ನೂ ಸಮರ್ಥಿಸಲು ಅಲ್ಲ.

ಬೆಳಿಗ್ಗೆ ಓಪಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಕೆಲವು ದಿನ ನೂರು ಚೀಟು ದಾಟುತ್ತದೆ. ಬಾಗಿಲು ಹಾಕಿದರೆ ಹೊರಗಿದ್ದವರು ತಟ್ಟುತ್ತಾರೆ. ತಮ್ಮ ಸರದಿ ತಪ್ಪಿತೋ ಅನ್ನುವ ಹೆದರಿಕೆ ಅವರಿಗೆ. ಹಾಗಾಗಿ ಒಬ್ಬೊಬ್ಬರೇ ಒಳಗೆ ನುಸುಳಿ ನಿಲ್ಲುತ್ತಾರೆ. ಟೋಕನ್ ನಂಬರ್ ಹೊರಗೆ ಕಾಣುವ ಹಾಗೆ ಇಟ್ಟ ಮೇಲೆ ನಮ್ಮಲ್ಲಿ ತಟ್ಟುವುದು ಅರ್ಧಕ್ಕರ್ಧ ಕಡಿಮೆಯಾಯಿತು. 2017ರಲ್ಲಿ ಕೇರಳ ಸರ್ಕಾರದ ಆರ್ದ್ರಂ ಯೋಜನೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರ ಆಗತೊಡಗಿದವು, ನೆನಪಿದೆಯಲ್ಲ? ಅಲ್ಲಿ ಡಾಕ್ಟರ ಹತ್ತಿರ ಹೋಗುವ ಮೊದಲೇ ನರ್ಸ್ ಕುಳಿತು ತೂಕ, ಬಿಪಿ ನೋಡಿ ಕಷ್ಟ ಏನು ಅಂತ ಕೇಳುವ ಜಾಗ ಮಾಡಿದರು. ಆ ಜಾಗಕ್ಕೆ ಸ್ವಲ್ಪ ಮರೆ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಎಷ್ಟೋ ಕಡೆ ಅದು ನಡುಹಾಲಿನಲ್ಲೇ ಇದೆ ಅನ್ನುವುದೇ ಬೇಸರ.

ಒಂದು ವಿಷಯ ನನಗೆ ಯಾವಾಗಲೂ ನೆನಪಾಗುತ್ತದೆ. ಸ್ಟೆತಸ್ಕೋಪ್ ಹುಟ್ಟಿದ್ದೇ ಸಂಕೋಚದಿಂದ. 1816ರಲ್ಲಿ ಪ್ಯಾರಿಸಿನಲ್ಲಿ ಲೆನೆಕ್ ಅನ್ನುವ ಡಾಕ್ಟರ ಹತ್ತಿರ ಎದೆಯ ತೊಂದರೆ ಇದ್ದ ಒಬ್ಬ ಯುವತಿ ಬಂದಳು. ಆಗೆಲ್ಲ ಎದೆಗೆ ನೇರ ಕಿವಿ ಇಟ್ಟು ಕೇಳುವುದು ರೂಢಿ. ಅದು ಸರಿ ಕಾಣಲಿಲ್ಲ ಅವರಿಗೆ. ಕಾಗದವನ್ನು ಕೊಳವೆಯ ಹಾಗೆ ಸುತ್ತಿ ಎದೆಗೆ ಇಟ್ಟು ಕೇಳಿದರು. ಕಿವಿ ಇಟ್ಟದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ಆಮೇಲೆ ಮರದ ಕೊಳವೆ ಮಾಡಿಕೊಂಡರು. ರೋಗಿಯ ಮರ್ಯಾದೆ ಕಾಯಲು ಹೋದದ್ದು, ಪರೀಕ್ಷೆಯೇ ಉತ್ತಮವಾಯಿತು. ಪರದೆ ವಿಷಯವೂ ಹಾಗೇ. ಮರೆ ಇದ್ದರೆ ರೋಗಿ ಹೊಟ್ಟೆ ಸಡಿಲ ಬಿಟ್ಟು ಮಲಗುತ್ತಾರೆ. ನಾಚಿಕೆಯಲ್ಲಿ ಬಿಗಿಹಿಡಿದ ಹೊಟ್ಟೆಯನ್ನು ಒತ್ತಿ ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ.

ಬೇಡಡ್ಕದ ಅಣ್ಣ:
ಡಾಕ್ಟ್ರೇ, ಎಲ್ಲ ಸರಿ. ಆದರೆ ಹೆಂಗಸರನ್ನು ಒಬ್ಬರನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದರೆ? ನನ್ನ ಮಗಳನ್ನು ನಾನು ಹಾಗೆ ಬಿಡಲಾರೆ. ನಾಲ್ಕು ಜನ ಇರುವುದೇ ಒಳ್ಳೆಯದು ಅಂತ ಕೆಲವೊಮ್ಮೆ ಅನಿಸುತ್ತದೆ.

ಉಪ್ಪಳದ ನರ್ಸ್:
ಅಣ್ಣ, ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಆದರೆ ಸರದಿಗೆ ನಿಂತ ನಾಲ್ಕು ಜನ ಕಾವಲಿಗೆ ನಿಂತವರಲ್ಲ ಅಲ್ವಾ? ಗಂಡಸು ಡಾಕ್ಟರು ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕು ಅಂತ ಕೇಳುವ ಹಕ್ಕು ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿ 2018ರಲ್ಲಿ ಹೊರಬಂದ ರೋಗಿಗಳ ಹಕ್ಕುಪತ್ರದಲ್ಲಿ ಅದು ಸ್ಪಷ್ಟವಾಗಿದೆ. 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಬರೆಯಿತು. ನರ್ಸ್ ಇರಬಹುದು, ಮಗಳ ಜೊತೆ ಅವಳ ಅಮ್ಮ ಇರಬಹುದು. ಯಾರು ಇರಬೇಕು ಅನ್ನುವುದನ್ನು ರೋಗಿಯೇ ಹೇಳಲಿ. ಕೆಲವು ಹುಡುಗಿಯರಿಗೆ ಅಮ್ಮನ ಎದುರು ಹೇಳಲು ಆಗದ ಮಾತೂ ಇರುತ್ತದೆ. ಅಂಥವರಿಗೆ ಎರಡು ನಿಮಿಷ ನಾನೇ ಸಾಕು.

ಬೇಡಡ್ಕದ ಅಣ್ಣ:
ಒಪ್ಪಿದೆ ಸಿಸ್ಟರ್. ಇದು ಗೊತ್ತಿರಲಿಲ್ಲ.

ಮುಳ್ಳೇರಿಯದ ಮಾಸ್ತರ್:
ಮಗಳೇ, ನಿನ್ನ ಅಮ್ಮನ "ಮುಟ್ಟು" ಓದಿ ಬೇಸರವಾಯಿತು. ನಮ್ಮದು ಏಳು ಭಾಷೆಯ ಊರು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಡಾಕ್ಟರ ಎದುರು ಸ್ಟೂಲಿನಲ್ಲಿ ಕುಳಿತಾಗ ಮಾತ್ರ ಈ ಭಾಷೆಗಳ ಗಡಿ ನಿಜವಾಗಿ ಚುಚ್ಚುತ್ತದೆ. ಮಲಯಾಳದ ನೆಟ್ಟಿ ಅಂದರೆ ಹಣೆ. ನಮ್ಮ ನೆತ್ತಿ ತಲೆಯ ಮೇಲಿದೆ. ಕೇಳಲು ಒಂದೇ. ತುಳುವಿನ ಅಜ್ಜಿ "ಬಂಜಿಬೇನೆ" ಅಂದರೆ ಹೊಟ್ಟೆನೋವು. ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದ ಡಾಕ್ಟರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರದ್ದು ತಪ್ಪಲ್ಲ. ಹಾಗೆಂದು ಅಜ್ಜಿಯದ್ದೂ ತಪ್ಪಲ್ಲ.

ಕಣ್ಣಿನ ಕೋಣೆಯ ಒಂದು ಸಂಗತಿ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನನ್ನು ಕಣ್ಣು ತೋರಿಸಲು ಕರೆದೊಯ್ದಿದ್ದೆ. ಅವರು ಓದಿದ್ದು ಐದನೇ ಕ್ಲಾಸ್, ಕನ್ನಡ ಶಾಲೆ. ಗೋಡೆಯಲ್ಲಿ ಮಲಯಾಳ ಅಕ್ಷರದ ಹಲಗೆ. ಓದಿ ಅಂದರು. ಅಕ್ಕ ಸುಮ್ಮನಿದ್ದರು. ಎರಡನೇ ಸಾಲು? ಸುಮ್ಮನೆ. ಮೇಲಿನ ದೊಡ್ಡ ಅಕ್ಷರವೂ ಕಾಣುವುದಿಲ್ಲವಾ ಅಂತ ಆ ಹುಡುಗಿ ಗಾಬರಿಯಾದಳು. ಅಕ್ಕನಿಗೆ ಕಾಣುತ್ತಿತ್ತು. ಓದಲು ಬರುತ್ತಿರಲಿಲ್ಲ. ಓದಲು ಬರುವುದಿಲ್ಲ ಅಂತ ಹತ್ತು ಜನರ ಎದುರು ಹೇಳಲು ಅವರಿಗೆ ನಾಚಿಕೆ. ಅಕ್ಕ ಒಂದು ಕಾಲದಲ್ಲಿ ಊರಿನವರಿಗೆಲ್ಲ ಕಾಗದ ಓದಿ ಹೇಳುತ್ತಿದ್ದವರು! ನಾನು ಎದ್ದು ಹೇಳಿದ ಮೇಲೆ ಇನ್ನೊಂದು ಹಲಗೆ ತಂದರು. ಇಂಗ್ಲಿಷಿನ ಇ ಅಕ್ಷರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಕೊಂಡಿರುವುದು. ಅದಕ್ಕೆ ಯಾವ ಭಾಷೆಯೂ ಬೇಡ. ಕಾಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿದರೆ ಆಯಿತು. ಅಕ್ಕ ಆರನೇ ಸಾಲಿನವರೆಗೂ ತೋರಿಸಿದರು. ಆ ಹಲಗೆ ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ಗಡಿನಾಡಿನಲ್ಲಿ ಅದು ಗೋಡೆಯ ಮೇಲೇ ಇರಬೇಕು.

ಅರ್ಜಿ ಕೊಡುವುದಾದರೆ ಕನ್ನಡದಲ್ಲೇ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ, ಇಲ್ಲಿರುವ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ನಾನು ಬರೆದುಕೊಡುತ್ತೇನೆ.

ತಾಳವಾಡಿ ಹುಡುಗ:
ನಾನು ಈರೋಡು ಜಿಲ್ಲೆಯ ತಾಳವಾಡಿಯವನು. ನಮ್ಮಲ್ಲಿ ತಮಿಳು, ಅಷ್ಟೇ ವ್ಯತ್ಯಾಸ. ನಮ್ಮ ಅಜ್ಜಿ ಮಾತು ತಿಳಿಯುವುದಿಲ್ಲ ಅಂತಲೇ ಚಾಮರಾಜನಗರಕ್ಕೆ ಹೋಗುತ್ತಾರೆ.

ಅಕ್ಕಲಕೋಟೆಯಿಂದ:
ನಮ್ಮಲ್ಲೂ ಅದೇ ರೀ. ಮರಾಠಿಯಲ್ಲಿ ಹೇಳಾಕ ಬರಲ್ಲ ಅಂತ ಮೊಮ್ಮಗನ್ನ ಕರಕೊಂಡು ಹೋಗ್ತಾರ. ಹತ್ತು ವರ್ಷದ ಹುಡುಗನ ಮುಂದ ಅಜ್ಜಿ ತನ್ನ ಕಷ್ಟ ಹೆಂಗ ಹೇಳಬೇಕು? ಅದನ್ನ ಯಾರೂ ವಿಚಾರ ಮಾಡಂಗಿಲ್ಲ.

ಪೆರ್ಲದ ತಮ್ಮ:
ಇದನ್ನೆಲ್ಲ ಓದುತ್ತಾ ಇದ್ದೆ. ನಾನೂ ಒಂದು ಹೇಳಲೇಬೇಕು. ಪರದೆ ಇದ್ದರೂ ಮಂಚ ಹತ್ತಲು ಆಗದವರು ಏನು ಮಾಡಬೇಕು?

ನನ್ನ ಅಣ್ಣನಿಗೆ 36 ವರ್ಷ. ಹುಟ್ಟಿನಿಂದ ನಡೆಯಲು ಆಗುವುದಿಲ್ಲ, ಮಾತೂ ಇಲ್ಲ. ನಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ಅಣ್ಣನ ಹಾಗಿನವರು ನಮ್ಮ ಸುತ್ತಮುತ್ತ ಬೇಕಾದಷ್ಟು ಮನೆಗಳಲ್ಲಿ ಇದ್ದಾರೆ. ಸುಪ್ರೀಂ ಕೋರ್ಟ್ 2011ರಲ್ಲಿ ಆ ಔಷಧ ನಿಲ್ಲಿಸಿತು. ಆದರೆ ಮಕ್ಕಳು ದೊಡ್ಡವರಾದರು, ಎತ್ತುವ ಅಮ್ಮಂದಿರಿಗೆ ವಯಸ್ಸಾಯಿತು.

ಪರೀಕ್ಷೆಯ ಮಂಚ ನನ್ನ ಸೊಂಟದಷ್ಟು ಎತ್ತರ ಇರುತ್ತದೆ. ಪಕ್ಕದಲ್ಲಿ ಒಂದು ಕಬ್ಬಿಣದ ಮೆಟ್ಟಿಲು. ನಡೆಯುವವರಿಗೆ ಅದು ಸಾಕು. ಅಣ್ಣನನ್ನು ಮಲಗಿಸಬೇಕಾದರೆ ಅಮ್ಮ ಕಂಕುಳಿಗೆ ಕೈ ಹಾಕುತ್ತಾಳೆ, ನಾನು ಮೊಣಕಾಲ ಕೆಳಗೆ. ಎತ್ತುವಾಗ ಅವನ ಬಟ್ಟೆ ಸರಿಯುತ್ತದೆ. ಅಮ್ಮ ಒಂದು ಕೈಯಲ್ಲಿ ಅವನ ಲುಂಗಿ ಎಳೆಯುತ್ತಾಳೆ, ಇನ್ನೊಂದು ಕೈಯಲ್ಲಿ ಅವನ ಭಾರ ಹೊರುತ್ತಾಳೆ. ಎಷ್ಟೋ ಸಲ ಡಾಕ್ಟರು "ಬೇಡ ಬೇಡ, ಗಾಡಿಯಲ್ಲೇ ಇರಲಿ" ಅನ್ನುತ್ತಾರೆ. ಕರುಣೆಯಿಂದಲೇ ಅನ್ನುತ್ತಾರೆ. ಆದರೆ ಗಾಲಿಕುರ್ಚಿಯಲ್ಲಿ ಮಡಚಿಕೊಂಡು ಕೂತವನ ಹೊಟ್ಟೆ ನೋಡುವುದು ಹೇಗೆ? ಬೆನ್ನು? ಹೋದ ವರ್ಷ ಅಣ್ಣನ ಬೆನ್ನಿನ ಕೆಳಗೆ ಒತ್ತುಹುಣ್ಣು ಆಗಿತ್ತು. ಆಸ್ಪತ್ರೆಯಲ್ಲಿ ಎರಡು ಸಲ ಯಾರಿಗೂ ಕಾಣಲಿಲ್ಲ, ಅವನನ್ನು ಮಲಗಿಸಿಯೇ ಇರಲಿಲ್ಲವಲ್ಲ. ಕಂಡದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಹಾಸಿಗೆ ಹಿಡಿದವರ ಆರೈಕೆ ಮಾಡುವವರು, ಮನೆಗೆ ಬಂದಾಗ. ಅವರು ಚಾಪೆಯ ಮೇಲೆ ಮೊಣಕಾಲೂರಿ ಕೂತು, ಅವನನ್ನು ಮೆಲ್ಲ ಮಗ್ಗುಲಿಗೆ ತಿರುಗಿಸಿ ನೋಡಿದರು. ನೋಡುವ ಮೊದಲು ನಮ್ಮ ಕಿಟಕಿಯ ಪರದೆ ಎಳೆದರು. ಮಾತು ಬಾರದವನಿಗೂ ಮಾನ ಇದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಆಸ್ಪತ್ರೆಯ ಎಲ್ಲ ಭಾಗಗಳೂ ಅಡೆತಡೆ ಇಲ್ಲದೆ ಸಿಗಬೇಕು ಅಂತ ಇದೆ. ನಮ್ಮಲ್ಲಿ ಅಡೆತಡೆ ಅಂದರೆ ಬಾಗಿಲ ಹೊರಗಿನ ರ‍್ಯಾಂಪ್ ಅಂತ ಮಾತ್ರ ತಿಳಿದುಕೊಂಡಿದ್ದಾರೆ. ರ‍್ಯಾಂಪ್ ಹತ್ತಿ ಒಳಗೆ ಬಂದವನು ಮಂಚ ಹತ್ತುವುದು ಬೇಡವಾ? ತಗ್ಗಿಸಿ ಏರಿಸುವ ಮಂಚ ಇದೆ. ಒಂದು ಆಸ್ಪತ್ರೆಗೆ ಒಂದಾದರೂ ಸಾಕು. ಅರ್ಜಿಯಲ್ಲಿ ಇದನ್ನೂ ಸೇರಿಸಿ ಮಾಸ್ತರರೇ.

ಮುಳ್ಳೇರಿಯದ ಮಾಸ್ತರ್:
ಸೇರಿಸುತ್ತೇನೆ ಮಗಾ. ಮೊದಲ ಸಾಲಿನಲ್ಲೇ ಸೇರಿಸುತ್ತೇನೆ.

ಓಪಿಯಲ್ಲಿ ಕೂರುವವನು:
ಪೆರ್ಲದವರು ಬರೆದದ್ದನ್ನು ಎರಡು ಸಲ ಓದಿದೆ. "ಗಾಡಿಯಲ್ಲೇ ಇರಲಿ" ಅಂತ ನಾನೂ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಎತ್ತರದ ಮಂಚದ ಬಗ್ಗೆ ಇನ್ನೊಂದು ಮಾತು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ ಬಿಪಿ ನೋಡಿದರೆ ಲೆಕ್ಕ ಜಾಸ್ತಿ ಬರುತ್ತದೆ. ಬೆನ್ನಿಗೆ ಆಧಾರ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಕೈ ಎದೆಯ ಮಟ್ಟದಲ್ಲಿ ಇರಬೇಕು. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಬೇಕು. ಬಿಪಿ ನೋಡುವ ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತಬಾರದು. ಬಿಗಿ ತೋಳನ್ನು ಮೇಲಕ್ಕೆ ಮಡಚಿ ಒತ್ತಿಯೂ ಕಟ್ಟಬಾರದು. ಪರದೆ ಇದ್ದರೆ ಹೆಂಗಸರು ಒಂದು ತೋಳು ಬಿಚ್ಚಿ ಕೊಡುತ್ತಾರೆ. ಇಲ್ಲದಿದ್ದರೆ ಬಟ್ಟೆಯ ಮೇಲೆಯೇ ನೋಡಿ ಗುಳಿಗೆ ಬರೆದಾಗುತ್ತದೆ. ಬಟ್ಟೆ ಇಲ್ಲದ ಕಂಬಿಯಿಂದ ಇಂಥ ತಪ್ಪುಗಳೂ ಆಗುತ್ತವೆ.

ನೀರ್ಚಾಲಿನ ಮಗಳು:
ಎಲ್ಲರಿಗೂ ಕೃತಜ್ಞತೆ. ಸಿಸ್ಟರ್ ಹೇಳಿದ ಹಾಗೇ ಮಾಡಿದೆವು. ಬೇರೆ ಕಡೆ ಹೋದೆವು. ಕಾಗದ ಅಮ್ಮನೇ ಬರೆದಳು, ಕನ್ನಡದಲ್ಲಿ. ಕೆಳಗೆ ನಾನು ಮಲಯಾಳದಲ್ಲಿ ಬರೆದೆ. ನರ್ಸ್ ಓದಿ ಏನೂ ಕೇಳಲಿಲ್ಲ. ಅಮ್ಮನ ಭುಜ ಮುಟ್ಟಿ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ನಾನು ಬರಲಾ ಅಂತ ಅಮ್ಮನನ್ನು ಕೇಳಿದೆ. "ನೀನು ಹೊರಗಿರು" ಅಂದಳು! ಇಪ್ಪತ್ತು ನಿಮಿಷ ಒಳಗಿದ್ದಳು. ಸ್ಕ್ಯಾನ್ ಆಯಿತು, ಒಳಗಿನ ಚೂರು ತೆಗೆದು ಕಳಿಸಿದರು. ನಿನ್ನೆ ರಿಪೋರ್ಟ್ ಬಂತು. ಪಾಲಿಪ್ ಅಂತೆ, ಕ್ಯಾನ್ಸರ್ ಅಲ್ಲ. ತೆಗೆಯಲು ದಿನ ಕೊಟ್ಟಿದ್ದಾರೆ.

ಇನ್ನೊಂದು. ಆ ಇಪ್ಪತ್ತು ನಿಮಿಷದಲ್ಲಿ ಅಮ್ಮ ರಕ್ತದ ವಿಷಯ ಮಾತ್ರ ಹೇಳಿದ್ದಲ್ಲ. ಕೆಮ್ಮಿದರೆ ಮೂತ್ರ ಹೋಗುತ್ತದೆ ಅಂತಲೂ ಹೇಳಿದಳಂತೆ. ಎಂಟು ವರ್ಷದಿಂದ ಇತ್ತಂತೆ. ಅದಕ್ಕೂ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಎಂಟು ವರ್ಷ ಮದುವೆಮನೆಗಳಲ್ಲಿ ಅಮ್ಮ ಹಿಂದಿನ ಸಾಲಿನಲ್ಲೇ ಯಾಕೆ ಕೂರುತ್ತಿದ್ದಳು ಅಂತ ನನಗೆ ಈಗ ಗೊತ್ತಾಯಿತು.

ಮೊದಲು ಹೋದ ಆಸ್ಪತ್ರೆಗೂ ಅರ್ಜಿ ಕೊಡುತ್ತೇವೆ. ಅಲ್ಲಿಗೇ ಹೋಗುವ ಬೇರೆ ಅಮ್ಮಂದಿರು ಇದ್ದಾರಲ್ಲ.

ಮುಳ್ಳೇರಿಯದ ಮಾಸ್ತರ್:
ದೇವರು ದೊಡ್ಡವನು. ಅರ್ಜಿ ತಯಾರಿದೆ. ಆಸ್ಪತ್ರೆಯ ಮೇಲ್ವಿಚಾರಕರಿಗೆ ಒಂದು, ಮ್ಯಾನೇಜ್‌ಮೆಂಟ್ ಕಮಿಟಿಗೆ ಒಂದು. ಕೇಳಿದ್ದು ಇಷ್ಟು: ತಗ್ಗಿಸುವ ಮಂಚ, ಎರಡು ಜೊತೆ ಪರದೆ, ಟೋಕನ್ ನಂಬರ್ ಬಾಗಿಲ ಹೊರಗೆ, ಒಳಗೆ ಒಬ್ಬರೇ, ಕಣ್ಣಿನ ಕೋಣೆಯಲ್ಲಿ ಇ ಹಲಗೆ, ಹೆಂಗಸರ ಜೊತೆ ಹೆಂಗಸು ಇರುವ ವಿಷಯ ಕನ್ನಡದಲ್ಲೂ ಗೋಡೆಯ ಮೇಲೆ. ಸಹಿ ಮಾಡುವವರು ಭಾನುವಾರ ಸಂಜೆ ವಾಚನಾಲಯಕ್ಕೆ ಬನ್ನಿ.

ಬದಿಯಡ್ಕದ ಟೈಲರ್:
ಮಂಚ ಬರಲು ತಡವಾದೀತು. ಪರದೆಗೆ ಕಾಯುವುದು ಯಾಕೆ? ಬಟ್ಟೆ ನಾನು ಕೊಡುತ್ತೇನೆ, ಹೊಲಿಗೆಯೂ ನನ್ನದೇ. ಕಮಿಟಿಯವರು ಒಪ್ಪಿದರೆ ಸಾಕು. ಸಿಸ್ಟರ್, ಯಾವ ಬಟ್ಟೆ ಒಳ್ಳೆಯದು?

ಉಪ್ಪಳದ ನರ್ಸ್:
ಬಿಸಿನೀರಿನಲ್ಲಿ ಒಗೆದರೆ ತಡೆಯುವಂಥದ್ದು ಅಣ್ಣ. ತಿಳಿ ಬಣ್ಣ ಇರಲಿ, ಕೊಳೆ ಆದದ್ದು ಕಾಣಬೇಕು. ಎಲ್ಲರೂ ಮುಟ್ಟಿ ಮುಟ್ಟಿ ಪರದೆಯಲ್ಲಿ ರೋಗಾಣು ಕೂರುತ್ತದೆ. ಆದರೆ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬಾರದು. ನೆಲಕ್ಕೆ ಒರೆಸದ ಹಾಗೆ ಒಂದು ಗೇಣು ಮೇಲಿರಲಿ. ಎರಡು ತುದಿ ಸೇರುವಲ್ಲಿ ಒಂದು ಮೊಳ ಜಾಸ್ತಿ ಇಡಿ, ಫ್ಯಾನ್ ಗಾಳಿಗೆ ನಡುವೆ ಬಿಟ್ಟುಕೊಳ್ಳುವುದು ಅಲ್ಲೇ.

ಬದಿಯಡ್ಕದ ಟೈಲರ್:
ಗೊತ್ತಾಯಿತು. ನೀರ್ಚಾಲಿನ ತಂಗಿ, ಕಮಿಟಿಯವರ ಒಪ್ಪಿಗೆ ಸಿಕ್ಕಿದ ದಿನ ನನಗೆ ತಿಳಿಸು. ಟೇಪು ಹಿಡಿದುಕೊಂಡು ನಾನೇ ಬರುತ್ತೇನೆ. ಕಂಬಿಯಲ್ಲಿ ಬಳೆ ಎಷ್ಟಿವೆ ಅಂತ ಎಣಿಸಬೇಕು.

ನೀರ್ಚಾಲಿನ ಮಗಳು:
ಹದಿನಾಲ್ಕು ಇವೆ ಅಣ್ಣ. ಆ ದಿನ ಅಮ್ಮನ ಹಿಂದೆ ನಿಂತು ಎಣಿಸಿದ್ದೆ.